ಕ್ಯಾಮೆರಾದ ಮಾತು, ಮಾವನ ಪಂಚೆ

ಕ್ಯಾಮೆರಾ ಹಿಡಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಬಾಯಿ ಮುಚ್ಚಿಕೊಂಡು ಹಿಡಿದರೆ ಸ್ವಲ್ಪ ಕಡಿಮೆ ಆಗುತ್ತವೆ ಎಂದು ನಮ್ಮ ಸ್ಟುಡಿಯೋ ಯಜಮಾನರ ಅಭಿಪ್ರಾಯ.

ನಾನು ಬಿ.ಎಸ್ಸಿ. ಮುಗಿಸಿ ನಂಜನಗೂಡಿನ ಒಂದು ಸ್ಟುಡಿಯೋ ಸೇರಿದೆ. ಭೌತಶಾಸ್ತ್ರದಲ್ಲಿ ಬೆಳಕಿನ ಪಾಠವನ್ನು ಚೆನ್ನಾಗಿ ಓದಿದ್ದೆ. ಯಜಮಾನರು ನನ್ನನ್ನು ಸೇರಿಸಿಕೊಂಡದ್ದು ಅದಕ್ಕಲ್ಲ. ಮದುವಣಗಿತ್ತಿಯ ಕೋಣೆಯೊಳಗೆ ಹೋಗಿ ಫೋಟೋ ತೆಗೆಯಲು ಒಬ್ಬ ಹುಡುಗಿ ಬೇಕಿತ್ತು, ಅಷ್ಟೆ. ನನ್ನ ಕೈಗೆ ಎರಡನೇ ಕ್ಯಾಮೆರಾ ಬಂತು. ಮೇನ್ ಕ್ಯಾಮೆರಾ ಯಜಮಾನರ ಕೊರಳಲ್ಲಿ. ಊಟಕ್ಕೆ ಕೂತಾಗಲೂ ಅದು ಇಳಿಯುತ್ತಿರಲಿಲ್ಲ. ಎಲೆಯ ಮೇಲೆ ತೂಗುತ್ತಿತ್ತು.

ಯಜಮಾನರ ಛಾಯಾಗ್ರಹಣ ಶಾಸ್ತ್ರದಲ್ಲಿ ಇದ್ದ ಪದಗಳು ಇಷ್ಟೇ: "ಬತ್ತದೆ", "ಬರಲ್ಲ", "ಉಸಿರು ಹಿಡೀರಿ". ಪ್ರತಿಯೊಂದಕ್ಕೂ ಒಂದು ಸರಿಯಾದ ಹೆಸರಿದೆ, ಅದನ್ನು ಗಿರಾಕಿಗೆ ತಿಳಿಸಿದರೆ ಕೆಲಸ ಸುಲಭವಾಗುತ್ತದೆ ಎಂದು ನನ್ನ ವಾದ. ತಿಳಿಸಿದರೆ ಗೊಂದಲವಾಗುತ್ತದೆ ಎಂದು ಅವರ ವಾದ. ಒಂದು ದಿನ ಅವರಿಗೆ ಸಾಕಾಯಿತು.

"ನೋಡವ್ವ, ನಿನ್ನ ಆ ಪದಗಳಿಂದ ಒಬ್ಬ ಗಿರಾಕಿಗಾದ್ರೂ ಉಪಯೋಗ ಆಗ್ಲಿ. ಅವತ್ತು ಈ ಕ್ಯಾಮೆರಾ ನಿನ್ನ ಕೊರಳಿಗೆ."

ನಾನು ಒಪ್ಪಿದೆ.

ಬಿಳಿ

ಮೊದಲ ಅವಕಾಶ ಒಂದು ಅರಿಶಿಣ ಶಾಸ್ತ್ರದಲ್ಲಿ ಸಿಕ್ಕಿತು. ಚಪ್ಪರದ ಬಟ್ಟೆ ಕೆಂಪು. ಅದರಡಿ ಕೂತವರ ಮುಖವೆಲ್ಲ ಕೆಂಪು. ವೈಟ್ ಬ್ಯಾಲೆನ್ಸ್ ಸರಿಮಾಡಬೇಕಿತ್ತು. ಅಂದರೆ, ಬಿಳಿ ಯಾವುದು ಎಂದು ಕ್ಯಾಮೆರಾಕ್ಕೆ ಮೊದಲು ತೋರಿಸಬೇಕು. ಉಳಿದ ಬಣ್ಣಗಳನ್ನು ಅದು ಆ ಬಿಳಿಗೆ ಹೊಂದಿಸಿಕೊಳ್ಳುತ್ತದೆ. ಅಲ್ಲಿ ನಿಜವಾಗಿ ಬೆಳ್ಳಗಿದ್ದದ್ದು ಮದುಮಗಳ ಸೋದರಮಾವನ ಪಂಚೆ ಒಂದೇ.

"ಮಾವ, ಒಂದು ನಿಮಿಷ ಇಲ್ಲಿ ನಿಲ್ತೀರಾ? ನಿಮ್ಮ ಪಂಚೆ ನೋಡಿ ಕ್ಯಾಮೆರಾ ಬಿಳಿ ಅಂದ್ರೆ ಯಾವುದು ಅಂತ ತಿಳ್ಕೊಳುತ್ತೆ."

ಅವರು ನೆರಿಗೆ ಸರಿಮಾಡಿಕೊಂಡರು. "ನನ್ ಪಂಚೆ ನೋಡ್ಕಂಡಾ?"

"ಹೌದು."

"ಇಷ್ಟೊಂದ್ ಜನ್ರಲ್ಲಿ ನಂದೇನಾ?"

"ಹೌದು ಮಾವ. ಬೆಳಕು ಬದಲಾದ್ರೆ ಮತ್ತೆ ನೋಡ್ಬೇಕು."

ಈ ಕೊನೆಯ ಮಾತು ಅವರಿಗೆ ಚೆನ್ನಾಗಿ ಅರ್ಥವಾಯಿತು. ಮೋಡ ಬಂದರೆ ಅವರು ಬಂದರು. ಯಾರೋ ದೀಪ ಹಚ್ಚಿದರೆ ಅವರು ಬಂದರು. "ಬೆಳಕು ಬದಲಾಯ್ತು ಕೂಸೇ" ಎನ್ನುವರು. ಪ್ರತಿ ಫೋಟೋದ ಅಂಚಿನಲ್ಲೂ ಒಂದು ಗೇಣು ಪಂಚೆ. ಊಟದ ಹೊತ್ತಿಗೆ ಎಲೆಯ ಮುಂದೆ ಕೂರಲೇ ಇಲ್ಲ. ಸಾರಿನ ಬಕೆಟ್ಟಿನಿಂದ ದೂರ, ಗೋಡೆಯ ಪಕ್ಕ ನಿಂತು ಮುದ್ದೆ ನುಂಗಿದರು.

"ಕೂತ್ಕಂಡು ಉಣ್ಣೋ" ಎಂದರು ಯಾರೋ ಹಿರಿಯರು.

"ಸಾರು ಬಿದ್ರೆ ಇಡೀ ಮದುವೆ ಬಣ್ಣ ಕೆಟ್ಟೋಯ್ತದೆ. ನಿಮಗೇನು, ಜವಾಬ್ದಾರಿ ನಂದು."

ಮಾರನೆ ದಿನ ಧಾರೆಗೆ ಅವರು ಇನ್ನೂ ಸಿದ್ಧರಾಗಿ ಬಂದರು. ಕ್ಯಾಮೆರಾಕ್ಕೆ ಅನುಮಾನ ಬರಬಾರದೆಂದು ಪಂಚೆಗೆ ಎರಡು ಸಲ ನೀಲಿ ಹಾಕಿಸಿದ್ದರು. ಕಣ್ಣಿಗೆ ಫಳಫಳ. ನಾನು ನನ್ನ ಕ್ಯಾಮೆರಾವನ್ನೂ ಯಜಮಾನರ ಕೊರಳಲ್ಲಿದ್ದದ್ದನ್ನೂ ಅದಕ್ಕೇ ಹೊಂದಿಸಿದೆ. ಕ್ಯಾಮೆರಾ ಆ ನೀಲಿಯನ್ನೇ ಬಿಳಿ ಎಂದು ನಂಬಿ, ಅಷ್ಟು ನೀಲಿಯನ್ನು ಎಲ್ಲರ ಮುಖದಿಂದಲೂ ಕಳೆದುಬಿಟ್ಟಿತು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ನೋಡಿದರೆ ಹೆಣ್ಣು, ಗಂಡು, ಪುರೋಹಿತರು, ವಾಲಗದವರು, ಎಲ್ಲರೂ ಹಳದಿ.

ತಿದ್ದುವ ಮೊದಲೇ ಮದುಮಗಳ ಅಜ್ಜಿ ಫೋಟೋ ನೋಡಲು ಬಂದರು. ನಾನು "ಅಜ್ಜಿ, ಇದು..." ಎಂದು ಶುರುಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಅರಿಶಿಣ ಅಂದ್ರೆ ಇಂಗ್ ಹತ್ಬೇಕು ಕಣವ್ವ. ಮಾರನೆ ದಿನಕ್ಕೂ ಒಂಚೂರ್ ಇಳ್ದಿಲ್ಲ. ಇದ್ರಾಗ್ ಏನೂ ಮುಟ್ಬ್ಯಾಡ."

ನಾನು ಯಜಮಾನರ ಕಡೆ ತಿರುಗಿದೆ. ಗಿರಾಕಿಗೆ ಸಂತೋಷ, ಕಾರಣ ವೈಟ್ ಬ್ಯಾಲೆನ್ಸ್.

ಯಜಮಾನರು ಕ್ಯಾಮೆರಾದ ಪಟ್ಟಿ ನೇವರಿಸಿದರು. "ಉಪಯೋಗಕ್ಕೆ ಬಂದದ್ದು ನಿನ್ನ ಪದ ಅಲ್ಲ ಕಣವ್ವ. ನೀಲಿ."

ಕೆಚ್ಚಲು

ಕವಲಂದೆಯ ಕಡೆಯಿಂದ ಹಸು ಸಾಕುವವರೊಬ್ಬರು ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ಬಂದಿದ್ದರು. ನಾನು ವೈಡ್ ಆಂಗಲ್ ಲೆನ್ಸ್ ಒರೆಸುತ್ತಿದ್ದೆ. ಅದೇನು ಎಂದು ಕೇಳಿದರು. ಹೇಳಿದೆ: ಇದರಲ್ಲಿ ತುಂಬ ಹತ್ತಿರ ಇದ್ದದ್ದು ಬಹಳ ದೊಡ್ಡದಾಗಿ ಬರುತ್ತದೆ, ಹಿಂದೆ ಇದ್ದದ್ದು ಬಹಳ ಚಿಕ್ಕದಾಗಿ. ನಿಮ್ಮ ಫೋನಿನಲ್ಲೂ ಇದೆ ಎಂದು ಒತ್ತಿ ತೋರಿಸಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಪಾಸ್‌ಪೋರ್ಟ್ ಫೋಟೋ ಮರೆತು ಹೊರಟೇಹೋದರು.

ಆಮೇಲೊಂದು ದಿನ ದೇವನೂರಿನವರೊಬ್ಬರು ಕುಂಟುತ್ತ ಸ್ಟುಡಿಯೋ ಮೆಟ್ಟಿಲು ಹತ್ತಿದರು. ಫೋನ್ ತೆಗೆದು ಯಜಮಾನರ ಮುಂದೆ ಹಿಡಿದರು. ಅದರಲ್ಲಿ ಒಂದು ಕೆಚ್ಚಲು ಇತ್ತು. ಮದುವೆ ಅಡುಗೆಯ ಕೊಳದಪ್ಪಲೆಯಷ್ಟು. ಅದರ ಹಿಂದೆ ಬಹಳ ದೂರದಲ್ಲಿ, ನಿಂಬೆಹಣ್ಣಿನಷ್ಟು ತಲೆಯ ಒಂದು ಹಸು.

"ಸಾ, ಈ ಫೋಟೋ ನೋಡಿ ಕವಲಂದೆ ಕಡೆ ಹಸ ತಕಳಾಕ್ ಓಗಿದ್ದೆ. ಅಲ್ ನೋಡುದ್ರೆ ಕೆಚ್ಲು ಇಷ್ಟೇ ಇಷ್ಟು. 'ಫೋಟೋದಲ್ಲಿರೋ ಹಸ ಎಲ್ರೀ' ಅಂದೆ. 'ಇದೇ' ಅಂದ. 'ಇದ್ಯಂಗಯ್ಯಾ ಅದಾಯ್ತದೆ' ಅಂದೆ. 'ನೀವ್ ನಿಂತಿರೋ ಜಾಗ ಸರಿಯಿಲ್ಲ. ಕ್ಯಾಮ್ರಾ ಇದ್ದಲ್ಲಿಗೆ ಬಂದು ನೋಡಿ. ಸ್ಟುಡಿಯೋದಲ್ಲಿ ಓದ್ದೋರೇ ಏಳವ್ರೆ' ಅಂದ."

ಯಜಮಾನರು ನನ್ನ ಕಡೆ ನೋಡಿದರು. ನಾನು ಲೆನ್ಸ್ ನೋಡಿದೆ.

"ನೀವು ನೋಡಿದ್ರಾ?" ಎಂದರು ಯಜಮಾನರು.

"ಕುಕ್ಕರಗಾಲಲ್ಲಿ ಕೂತ್ಕಂಡು, ಕೆಚ್ಲಿಗೆ ಮೂಗು ತಾಗೋಗಂಟ ಓದೆ ಸಾ. ಅಲ್ಲಿಂದ ನೋಡುದ್ರೆ ಪಕ್ಕಾ ಫೋಟೋದಲ್ ಇದ್ದಂಗೇ ಇತ್ತು. ಸುಳ್ಳೇಳ್ಬಾರ್ದು."

"ಆಮೇಲೆ?"

"ಒದೀತು."

ಯಜಮಾನರು ಮೆಲ್ಲಗೆ, "ಹಾಗಾದ್ರೆ ಹಸು ಬಿಟ್ಟು ಬಂದ್ರಿ" ಎಂದರು.

"ಯಾಕ್ ಬುಡಾನ? ಒದ್ದ ಜೋರು ನೋಡುದ್ರೆ ಗಟ್ಟಿ ಹಸ ಅನ್ನುಸ್ತು. ತಕಂಡೆ. ಈಗ ನಮ್ ಭಾವಮೈದುಂಗೆ ತೋರ್ಸಕ್ಕೆ ಇದನ್ನೇ ದೊಡ್ಡದು ಮಾಡ್ಕೊಡಿ."

ದೊಡ್ಡದು ಮಾಡಿಕೊಟ್ಟೆವು. ಅವರು ಮೆಟ್ಟಿಲಿಳಿದ ಮೇಲೆ ನಾನು ಬಾಯಿ ತೆರೆದೆ. ಯಜಮಾನರು ಕೈ ಎತ್ತಿದರು.

"ಮಾರಿಸಿದ್ದು ನಿನ್ನ ಪದ ಅಲ್ಲ. ಒದೆ."

ಮಸುಕು

ಸೋಸಲೆಯ ಮದುವೆಯಲ್ಲಿ ಮನೆಯವರೆಲ್ಲ ನಿಲ್ಲುವ ಫೋಟೋ ನನ್ನ ಪಾಲಿಗೆ ಬಂತು. ಯಜಮಾನರು ಮೊದಲ ಪಂಕ್ತಿಗೆ ಹೋಗಿದ್ದರು, ಮೇನ್ ಕ್ಯಾಮೆರಾ ಸಮೇತ.

ಮದುಮಗಳಿಗೆ ಬೇರೇನೂ ಬೇಡ. ಅಪ್ಪ ಮತ್ತು ದೊಡ್ಡಪ್ಪ ಒಂದೇ ಫೋಟೋದಲ್ಲಿ ಅವಳ ಜೊತೆ ಇರಬೇಕು. ಆ ಅಣ್ಣ ತಮ್ಮ ಬದುವಿನ ಮೇಲಿನ ಒಂದು ತೆಂಗಿನ ಮರಕ್ಕಾಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಮರ ಅಣ್ಣನ ಕಡೆ ಹುಟ್ಟಿ ತಮ್ಮನ ಕಡೆ ಬಾಗಿತ್ತು.

ಅಣ್ಣ ನನಗೆ ಹೇಳಿದರು, "ಅವ್ನ್ ಇರೋ ಫೋಟೋದಲ್ಲಿ ನಾನ್ ಇರಾಕಿಲ್ಲ."

ಪಕ್ಕದಲ್ಲೇ ನಿಂತಿದ್ದ ತಮ್ಮನೂ ನನಗೇ ಹೇಳಿದರು, "ನಾನೂ ಇರಾಕಿಲ್ಲ ಅಂತ ಅವ್ರಿಗೆ ಏಳವ್ವ."

ಮದುಮಗಳ ಕಣ್ಣು ತುಂಬಿತು. ಕಾಡಿಗೆ ಇಳಿಯುವ ಮೊದಲು ಏನಾದರೂ ಮಾಡಬೇಕಿತ್ತು. ನಾನು ಡೆಪ್ತ್ ಆಫ್ ಫೀಲ್ಡ್ ವಿವರಿಸಿದೆ. ನಿಗದಿಯಾದ ಒಂದು ದೂರದಲ್ಲಿ ನಿಂತವರು ಮಾತ್ರ ಸ್ಪಷ್ಟ. ಅದರ ಹಿಂದೆ ಮುಂದೆ ಇದ್ದವರು ಔಟ್ ಆಫ್ ಫೋಕಸ್, ಅಂದರೆ ಮಸುಕು.

"ಮಸುಕು ಅಂದ್ರೆ?" ಎಂದರು ಅಣ್ಣ.

"ಯಾರು ಅಂತ ಗೊತ್ತಾಗಲ್ಲ."

"ಅವ್ನ್ ಇರ್ತಾನೆ. ಆದ್ರೆ ಗೊತ್ತಾಗಾಕಿಲ್ಲ?"

"ಹೌದು."

"ಇಷ್ಟ್ ದಿನ ಎಲ್ಲಿದ್ದೆ ಮಗಾ ನೀನು?"

ಅಣ್ಣ ಮುಂದೆ, ತಮ್ಮ ತುಂಬ ಹಿಂದೆ, ಹೆಣ್ಣು ಗಂಡು ನಡುವೆ. ಒಮ್ಮೆ ಅಣ್ಣನ ಮೇಲೆ ಫೋಕಸ್ ಮಾಡಿ ತೆಗೆದೆ, ಒಮ್ಮೆ ತಮ್ಮನ ಮೇಲೆ. ಇಬ್ಬರಿಗೂ ತೋರಿಸಿದೆ. ಇಬ್ಬರೂ ತೃಪ್ತರು. ಸುದ್ದಿ ಹಬ್ಬಿತು. ಯಾರ ಮನೆಯ ಸೊಸೆಯೋ ಬಂದು ಕಿವಿಯಲ್ಲಿ ಕೇಳಿದಳು: "ಅಕ್ಕ, ಅತ್ತೆ ಎಷ್ಟು ದೂರ ನಿಂತ್ರೆ ಸಾಕು?"

ಆಗ ಮದುಮಗಳು ಕ್ಯಾಮೆರಾ ಇಸಿದುಕೊಂಡು ಎರಡೂ ಫೋಟೋ ನೋಡಿದಳು. ಎರಡರಲ್ಲೂ ನಡುವೆ ನಿಂತಿದ್ದ ಅವಳೂ ಅವಳ ಗಂಡನೂ ಮಸುಕಾಗಿದ್ದರು.

"ಅಕ್ಕ, ನಾನ್ ಯಾರ ಜೊತೆ ಜಗಳ ಆಡಿದ್ದೆ?"

ದಾರಿಯನ್ನೂ ಅವಳೇ ಹುಡುಕಿದಳು. "ನಾವಿಬ್ರು ಮುಂದೆ ನಿಲ್ತೀವಿ. ಅವ್ರಿಬ್ರೂ ಹಿಂದೆ ನಿಲ್ಲಲಿ. ಇಬ್ರನ್ನೂ ಮಸುಕು ಮಾಡಿ."

ಇನ್ನೊಬ್ಬ ಮಸುಕಾಗುತ್ತಾನೆಂದು ಇಬ್ಬರೂ ತಕ್ಷಣ ಒಪ್ಪಿದರು. ಹಿಂದೆ ಹೋಗಿ, ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ನಾನು ಮದುಮಗಳ ಕಣ್ಣಿಗೆ ಫೋಕಸ್ ಮಾಡಿ ಒತ್ತಿದೆ. ಒತ್ತುವಾಗ ಹಿಂದಿನಿಂದ ಯಾರೋ, "ಕೂಸೇ, ಬೆಳಕು ಬದಲಾಯ್ತಲ್ಲಾ!" ಎಂದ ಹಾಗಾಯಿತು. ಮದುವೆಮನೆಯ ಗದ್ದಲ. ನಾನು ಗಮನಿಸಲಿಲ್ಲ.

ನಡುವಿನವನು

ಆ ಫೋಟೋವನ್ನು ಅವರು ದೊಡ್ಡದು ಮಾಡಿಸಿ ಮನೆಯಲ್ಲಿ ತೂಗುಹಾಕಿದರು. ಮದುಮಕ್ಕಳು ಸ್ಪಷ್ಟ. ಅವರ ಹಿಂದೆ ಮೂರು ಬಿಳಿ ಮಸುಕು. ನಡುವಿನದು ಕೈ ಎತ್ತಿ, ಸರಿಯಾಗಿ ಮದುಮಗಳ ತಲೆಯ ಮೇಲೆ, ಆಶೀರ್ವಾದ ಮಾಡುತ್ತಿತ್ತು.

ಸ್ವಲ್ಪ ದಿನದ ಮೇಲೆ ಅಣ್ಣ ತಮ್ಮ ಆ ಫೋಟೋ ಹೊತ್ತುಕೊಂಡು ನಮ್ಮ ಸ್ಟುಡಿಯೋಗೆ ಬಂದರು. ಜಗಳ ತೀರಿಸಿಕೊಳ್ಳಲು ಸೋಸಲೆಯಿಂದ ಇಬ್ಬರೂ ಒಂದೇ ಬೈಕಿನಲ್ಲಿ ಬಂದಿದ್ದರು.

"ಸಾ, ನಡುವ್ ಇರೋದು ನಾನು. ಎಡಗಡೆ ಇರೋದು ಇವ್ನು. ಬಲಗಡೆಯವ್ನು ಯಾರೋ ದಾರೀಲ್ ಓಗೋನು" ಎಂದರು ಅಣ್ಣ.

"ನಡುವ್ ಇರೋದು ನಾನು. ಬಲಗಡೆ ಇರೋದು ಇವ್ರು. ದಾರೀಲ್ ಓಗೋನು ಎಡಗಡೆಯವ್ನು" ಎಂದರು ತಮ್ಮ. "ನನ್ ಮಗಳಿಗೆ ಕೈ ಎತ್ತಿರೋದು ನಾನಲ್ದೆ ಇನ್ಯಾರು?"

"ಆ ಮಗೀನ್ ಎತ್ತಿ ಆಡ್ಸಿರೋ ಕೈಯಿ ಇದು. ನಂಗೊತ್ತಿಲ್ವಾ?"

ಯಜಮಾನರು ಫೋಟೋ ನೋಡಿದರು. ತಿರುಗಿಸಿ ನೋಡಿದರು. "ಬತ್ತದೆ", "ಬರಲ್ಲ" ಎರಡೂ ಇಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ನನ್ನ ಕಡೆ ತಳ್ಳಿದರು.

ಎತ್ತಿದ ಕೈಯಲ್ಲಿ ಪಂಚೆಯ ತುದಿ ಇತ್ತು. ಅಷ್ಟು ಫಳಫಳ ಹೊಳೆಯುವ ಬಿಳಿ ನಂಜನಗೂಡು ತಾಲೂಕಿಗೆಲ್ಲ ಒಂದೇ. ನನಗೆ ಗೊತ್ತಾಯಿತು. ಹೇಳಿದರೆ ಒಂದು ಆಶೀರ್ವಾದ ಹೋಗುತ್ತದೆ. ನಾನು ಗಂಟಲು ಸರಿಮಾಡಿಕೊಂಡೆ.

"ಇದು ಡೆಪ್ತ್ ಆಫ್ ಫೀಲ್ಡ್‌ನ ಆಚೆ ಇದೆ. ಪೂರ್ತಿ ಔಟ್ ಆಫ್ ಫೋಕಸ್. ಯಾರು ಅಂತ ಯಾರಿಂದಲೂ ಹೇಳಕ್ಕಾಗಲ್ಲ. ನೀವಿಬ್ರೂ ಇರಬಹುದು."

ಅಣ್ಣ ತಮ್ಮನನ್ನು ನೋಡಿದರು. "ಓದ್ದೋರು ಏಳ್ತಾವ್ರೆ ಅಂದ್ಮೇಲೆ..." ಎಂದರು. ತಮ್ಮ ತಲೆಯಾಡಿಸಿದರು. ಯಜಮಾನರು ಕ್ಯಾಮೆರಾ ಪಟ್ಟಿಯನ್ನು ಕೊರಳಿಂದ ಮೇಲೆತ್ತತೊಡಗಿದರು. ಪಟ್ಟಿ ಅವರ ಕಿವಿಯವರೆಗೆ ಬಂತು.

ಬಾಗಿಲು ತೆರೆಯಿತು. ಪಂಚೆಯ ಮಾವ.

"ಕೂಸೇ, ಸೋಸಲೆ ಮದುವೇಲಿ ಗಂಡಿನ್ ಕಡೆಯವ್ರು ನಮ್ ನಂಟ್ರು. ಆ ಫೋಟೋದಲ್ಲಿ ನನ್ ಪಂಚೆ ಭಾರಿ ಚೆನ್ನಾಗ್ ಬಂದದಂತೆ? ನಂಗೂ ಒಂದ್ ಕಾಪಿ ಹಾಕು."

ಪಟ್ಟಿ ಕಿವಿಯ ಹತ್ತಿರವೇ ನಿಂತಿತು.

ಅಣ್ಣ ತಮ್ಮ ಒಟ್ಟಿಗೆ ಎದ್ದರು. ಒಟ್ಟಿಗೆ ಮಾತಾಡಿದರು. "ಯಾರಯ್ಯ ನೀನು? ನಮ್ ಮಗೀನ್ ತಲೆ ಮೇಲೆ ನಿಂದೇನು ಪಂಚೆ?"

"ಬೆಳಕು ಬದಲಾದ್ರೆ ನೋಡೋರ್ ಯಾರು?" ಎಂದರು ಮಾವ, ಶಾಂತವಾಗಿ.

ಅಣ್ಣ ನನ್ನ ಕಡೆ ತಿರುಗಿದರು. "ಈಗ್ಲೇ ಒಂದ್ ಫೋಟೋ ತೆಗಿಯವ್ವ. ನಾವಿಬ್ರೂ ಮುಂದೆ, ಇವ್ನ್ ಹಿಂದೆ. ನಾವ್ ಸ್ಪಷ್ಟ, ಇವ್ನ್ ಔಟಾಪ್ ಫೋಕಸ್ಸು."

"ಅಷ್ಟೇ" ಎಂದರು ತಮ್ಮ, ಅಣ್ಣನ ಹೆಗಲ ಮೇಲೆ ಕೈಹಾಕಿ.

ಯಜಮಾನರು ಪಟ್ಟಿಯನ್ನು ಪೂರ್ತಿ ಮೇಲೆತ್ತಿ ನನ್ನ ಕೊರಳಿಗೆ ಹಾಕಿದರು. "ಇವ್ರಿಗೆಲ್ಲ ಅರ್ಥ ಆಗೋ ಭಾಷೆ ನಿನಗೊಬ್ಬಳಿಗೇ ಬರೋದು. ನೀನೇ ಅನುಭವಿಸು ಕಣವ್ವ."

ಮಾವ ಹಿಂದೆ ನಿಲ್ಲಲು ಒಪ್ಪಿದರು, ಒಂದು ಷರತ್ತಿನ ಮೇಲೆ. "ಮೊದ್ಲು ನನ್ ಪಂಚೆಗೆ ಹೊಂದಿಸ್ಕೊ. ಆಮೇಲ್ ಬೇಕಾದಷ್ಟ್ ಮಸುಕು ಮಾಡ್ಕೊ."

ಪಟ್ಟಿಯಲ್ಲಿ ಯಜಮಾನರ ಕತ್ತಿನ ಬಿಸಿ ಇನ್ನೂ ಆರಿರಲಿಲ್ಲ. ಆ ಹೊತ್ತಿನಲ್ಲಿ ಇನ್ನೊಂದು ವಾದ ಬೇಡವೆನಿಸಿತು. ನೀಲಿ ಹಾಕಿದ ಆ ಪಂಚೆಗೇ ಹೊಂದಿಸಿ ಒತ್ತಿದೆ.

ಅಣ್ಣ ತಮ್ಮ ಇಬ್ಬರೂ ಬಹಳ ಸ್ಪಷ್ಟವಾಗಿ ಬಂದರು. ಅರಿಶಿಣ ಶಾಸ್ತ್ರಕ್ಕೆ ಕೂತವರ ಹಾಗೆ.