ಸವೆದ ಮೊನೆಯನ್ನು ಹಿಂದಿರುಗಿಸಬೇಕೆಂದು ಬುಗುರಿ ಬಳಗದ ಅಧ್ಯಕ್ಷರಲ್ಲಿ ಬಿನ್ನಹ

ಮಾಂಟ್ ಕಿಯಾರಾದ ಎತ್ತರದ ಮಹಡಿಯಲ್ಲಿ ವಿರಾಜಮಾನರಾಗಿರುವ, ಜಪಾನಿ ಹಳೆಬುಗುರಿ ಸಂಗ್ರಾಹಕರ ಕನ್ನಡ ಬಳಗದ ಅಧ್ಯಕ್ಷರೂ ಮುಖ್ಯ ಮೌಲ್ಯಮಾಪಕರೂ ಆದ ಶ್ರೀಯುತ ನರಹರಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲು ತಮ್ಮ ಬಿಳಿ ಕೈಗವಸಿಗೆ ನಮಸ್ಕಾರ, ಆಮೇಲೆ ತಮ್ಮ ಭೂತಗನ್ನಡಿಗೆ ನಮಸ್ಕಾರ, ಇನ್ನೂ ಒಂದು ಮಿಕ್ಕಿದ್ದರೆ ಅದು ತಮಗೆ. ತಾವು ಕ್ಷೇಮವೆಂದೂ, ತಮ್ಮ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿರುವ ಬುಗುರಿಗಳು ಜನ್ಮದಲ್ಲಿ ಒಂದು ಸುತ್ತೂ ತಿರುಗದೆ ಆರೋಗ್ಯದಿಂದಿವೆಯೆಂದೂ ನಂಬಿದ್ದೇನೆ. ನಾವು ಇಲ್ಲಿ, ಇದೇ ಪರದೇಶದ ಪೆಟಾಲಿಂಗ್ ಜಯಾದಲ್ಲಿ, ಅಷ್ಟೇನೂ ಕ್ಷೇಮವಾಗಿಲ್ಲ, ಅದಕ್ಕೆ ಕಾರಣ ತಾವು. ಇದನ್ನು ತಮಗೆ ಖಾಸಗಿಯಾಗಿಯೇ ತಿಳಿಸಬೇಕೆಂದಿದ್ದೆ. ಆದರೆ ನನ್ನ ವಾಟ್ಸಾಪ್ ಸಂದೇಶಗಳಿಗೆಲ್ಲ ತಾವು ಕೈಮುಗಿದ ಚಿತ್ರವೊಂದನ್ನೇ ಉತ್ತರವಾಗಿ ಕಳಿಸುತ್ತಿರುವುದರಿಂದ, ಊರಿಗೆಲ್ಲ ಕೇಳುವಂತೆ ಬರೆಯುವುದು ಅನಿವಾರ್ಯವಾಯಿತು.

ನನ್ನ ಪರಿಚಯ ತಮಗಿರಲಿಕ್ಕಿಲ್ಲ. ನಾನು ಖುಶ್ನುಮಾ, ದಾವಣಗೆರೆಯವಳು, ಇಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ನನ್ನ ಪತಿ ಸುಹೈಲ್ ಅವರನ್ನು ತಾವು ಬಲ್ಲಿರಿ, ಅಥವಾ ಬಲ್ಲೆವೆಂದು ತಿಳಿದಿದ್ದೀರಿ. ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರಿಗೆ ಹೋದ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಕಾಲು ಬೇಗ ಸರಿಹೋಯಿತು, ಮಾತಿಗೆ ಏನೂ ಆಗಲಿಲ್ಲ, ಕೈ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಮಡಿಲಲ್ಲಿ ಬಿದ್ದುಕೊಂಡಿತು. ಹಿಡಿಯುವ, ಎಳೆಯುವ ಕೆಲಸ ಏನಾದರೂ ಕೊಡಿ ಎಂದು ಫಿಸಿಯೋಥೆರಪಿಯವರು ಹೇಳಿದರು. ರಬ್ಬರ್ ಚೆಂಡು ಕೊಟ್ಟೆವು, ಮೂಲೆಗೆ ಎಸೆದರು. ಜೇಡಿಮಣ್ಣಿನಂಥದ್ದೇನೋ ಕೊಟ್ಟೆವು, ನಾನೇನು ಬಾಲವಾಡಿ ಮಗುವಾ ಎಂದು ರೇಗಿದರು.

ಆಗ ನಮ್ಮ ಮನೆಯ ಹತ್ತಿರದ, ಜಪಾನಿನಿಂದ ಕಂಟೇನರುಗಟ್ಟಲೆ ಬರುವ ಹಳೆಯ ಸಾಮಾನಿನ ಅಂಗಡಿಯಲ್ಲಿ, ಚಮಚ, ಗಡಿಯಾರ, ಗೊಂಬೆಗಳ ರಾಶಿಯಡಿಯಿಂದ ಅವರು ತಾವೇ ಹೆಕ್ಕಿ ತೆಗೆದ ವಸ್ತುವೇ ಈ ಪತ್ರದ ವಿಷಯ: ಮೇಲೆ ಲೋಹದ ಬಳೆ, ಕೆಳಗೆ ರಬ್ಬರಿನ ಮೊನೆ, ಜೊತೆಗೆ ಗರಗಸದಂತೆ ಹಲ್ಲುಗಳಿರುವ ಪಟ್ಟಿಯನ್ನು ತೂರಿಸಿ ಎಳೆದರೆ ಬುಗುರಿಯನ್ನು ಕೆಳಕ್ಕೆ ಬಿಡುವ ಒಂದು ಲಾಂಚರ್. ಎಡಗೈಯಲ್ಲಿ ಲಾಂಚರ್ ಹಿಡಿಯಬೇಕು, ಬಲಗೈಯಲ್ಲಿ ಪಟ್ಟಿ ಎಳೆಯಬೇಕು. ಯಾವ ವೈದ್ಯರೂ ಬರೆದುಕೊಡದ ಔಷಧ ಅದು.

ಅದೊಂದೇ ಅಲ್ಲ, ಅವರು ಬೇರೆ ಬುಗುರಿಗಳನ್ನೂ ತಂದರು. ತಾವು ಕಂಡರೆ ಕಣ್ಣಿಗೊತ್ತಿಕೊಳ್ಳುವಂಥ, ಮೊನೆಯೇ ಸವೆಯದ ಬುಗುರಿಗಳು. ಅವು ಬಿಟ್ಟ ತಕ್ಷಣ ಹಿಟ್ಟು ನಾದುವ ಪರಾತದ ಅಂಚು ಹತ್ತಿ, ಹಾರಿ, ಸೋಫಾದ ಕೆಳಗೆ ಓಡಿಹೋಗುತ್ತಿದ್ದವು. ನಡುಗುವ ಕೈಯಿಂದ ಓರೆಯಾಗಿ ಬಿಟ್ಟ ಬುಗುರಿಯ ಹೊಸ ರಬ್ಬರು ನೆಲವನ್ನು ಕಚ್ಚಿ ಓಡುತ್ತದೆ, ಅದರ ಸ್ವಭಾವವೇ ಅದು. ಆದರೆ ರಾಶಿಯಡಿಯಿಂದ ಸಿಕ್ಕಿದ ಆ ಬುಗುರಿಯ ಮೊನೆಯನ್ನು ಯಾರೋ ಜಪಾನಿ ಮಗು ವರ್ಷಗಟ್ಟಲೆ ಆಡಿ ಆಡಿ ನುಣ್ಣಗೆ, ಗುಂಡಗೆ ಸವೆಸಿಟ್ಟಿತ್ತು. ಸುಹೈಲ್ ಎಷ್ಟೇ ಸೊಟ್ಟಗೆ ಬಿಡಲಿ, ಅದು ಪರಾತದ ನಡುವಿಗೆ ಬಂದು, ತೂಗಾಡಿ, ಸಾವರಿಸಿಕೊಂಡು ನಿಂತಲ್ಲೇ ತಿರುಗುತ್ತಿತ್ತು. ಅವರು ಅದನ್ನೇ ನೋಡುತ್ತಾ ಕೂರುತ್ತಿದ್ದರು, ನಾನು ಅವರನ್ನು ನೋಡುತ್ತಾ ಕೂರುತ್ತಿದ್ದೆ.

ಆ ಮಗು ತನ್ನ ಹೆಸರನ್ನೂ ಬುಗುರಿಯ ಅಡಿಯಲ್ಲಿ ಕಪ್ಪು ಮಾರ್ಕರಿನಿಂದ ಬರೆದುಕೊಂಡಿತ್ತು. ನಮಗೆ ಜಪಾನಿ ಓದಲು ಬರುವುದಿಲ್ಲ. ಹಾಗಾಗಿ ಸುಹೈಲ್ ಆ ಕಾಣದ ಮಗುವನ್ನು ಮಾಲೀಕರು ಎಂದೇ ಕರೆಯುತ್ತಿದ್ದರು, ಪ್ರತಿ ಸಲ ಪಟ್ಟಿ ಎಳೆಯುವ ಮೊದಲು "ಮಾಲೀಕ್ರೇ, ಬಿಡ್ಲಾ?" ಎಂದು ಅಪ್ಪಣೆ ಕೇಳುತ್ತಿದ್ದರು.

ಇನ್ನು ತಮ್ಮ ಕೀರ್ತಿಗೆ ಬರೋಣ. ಬ್ರಿಕ್‌ಫೀಲ್ಡ್ಸ್‌ನ ಸೀರೆ ಅಂಗಡಿಯ ಮೇಲಿನ ಹಾಲಿನಲ್ಲಿ ಬುಗುರಿಪ್ರಿಯರ ಸಮಾವೇಶ ಎಂದು ತಾವು ಆಹ್ವಾನ ಹೊರಡಿಸಿದಿರಿ. ಕಾಯಿಲೆ ಬಿದ್ದ ಮೇಲೆ ನಾಲ್ಕು ಜನರ ನಡುವೆ ಹೋಗಲು ಒಲ್ಲೆನೆನ್ನುತ್ತಿದ್ದ ಸುಹೈಲ್ ಆ ದಿನ ತಾವಾಗಿಯೇ ಹೊರಟರು. ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಂಡರು. ಒಂದು ಗುಂಡಿ ತಪ್ಪಿತ್ತು, ನಾನು ಕಂಡರೂ ಕಾಣದವಳ ಹಾಗಿದ್ದೆ. ಎಲ್ಲರೆದುರು ಒಂದೇ ಒಂದು ಸಲ ಬುಗುರಿ ಬಿಟ್ಟು ತೋರಿಸಬೇಕು ಎಂಬುದಷ್ಟೇ ಅವರ ಆಸೆ. ಎಲ್ಲಿ ಬಿಡುವುದೋ ಏನೋ ಎಂದು ಪರಾತವನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆವು.

ಹಾಲಿನಲ್ಲಿ ನೂರಾರು ಬುಗುರಿಗಳಿದ್ದವು, ಒಂದೂ ತಿರುಗುತ್ತಿರಲಿಲ್ಲ. ಶವಾಗಾರದಲ್ಲೂ ನಾನು ಇಷ್ಟು ಶಿಸ್ತು ಕಂಡಿಲ್ಲ, ಕಾಲೇಜಿನ ಕೆಲಸದಿಂದಾಗಿ ನನಗೆ ಶವಾಗಾರದ ಪರಿಚಯವಿದೆ. ಸುಹೈಲ್ ನಮ್ಮ ಬುಗುರಿಯನ್ನು ಮೇಜಿನ ಮೇಲಿಟ್ಟು ಕಾಫಿ ತರಲು ಹೋದರು. ತಾವು ಅಲ್ಲಿಗೆ ಬಂದಿರಿ, ಭೂತಗನ್ನಡಿ ಹಿಡಿದಿರಿ, ಸತ್ತ ಹಲ್ಲಿಯನ್ನು ಎತ್ತುವವರ ಹಾಗೆ ಎರಡು ಬೆರಳಲ್ಲಿ ಅದನ್ನೆತ್ತಿ "ಛೆ ಛೆ, ಇದು ಆಡಿರೋ ಮಾಲು" ಎಂದಿರಿ. ಬುಗುರಿಯ ಬಗ್ಗೆ ಯಾರಾದರೂ ಆಡಬಹುದಾದ ಅತಿ ಘೋರ ನಿಂದೆ ಅದೇ ಎಂದು ನನಗೆ ಆವತ್ತೇ ಗೊತ್ತಾದದ್ದು. ಬುಗುರಿಪ್ರಿಯರ ಸಮಾವೇಶಕ್ಕೆ ಒಬ್ಬ ಮನುಷ್ಯ ಬುಗುರಿ ಆಡಿಸಲು ಬಂದಿರಬಹುದು ಎಂಬ ಅನುಮಾನ ತಮ್ಮ ಬಳಗದ ಒಬ್ಬರ ತಲೆಗೂ ಹೊಳೆಯಲಿಲ್ಲ. ಮೌಲ್ಯಮಾಪನಕ್ಕೆ ಬಂದ ಬಡಪಾಯಿ ವಸ್ತು ಎಂದುಕೊಂಡು ಚೀಟಿ ಕಟ್ಟಿ, ಡಬ್ಬಿಗೆ ಹಾಕಿ, ಮುಂದಿನ ವಾರ ಮನೆಗೇ ಕಳಿಸುತ್ತೇವೆ ಎಂದು ಅಭಯ ಕೊಟ್ಟಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ, ಕಾಫಿಗೆ ಹೋಗಿದ್ದ ಸುಹೈಲ್ ಬಂದು ನನ್ನ ತೋಳು ಹಿಡಿದು "ಇರ್ಲಿ ಬಿಡು, ಪ್ರೀತಿಯಿಂದ ತಗೊಂಡಿದಾರೆ" ಎಂದರು. ಪರಾತ ಚೀಲದಲ್ಲೇ ಮನೆಗೆ ಬಂತು.

ಮಾತಿಗೆ ತಪ್ಪದವರು ತಾವು, ಮುಂದಿನ ವಾರ ಕಳಿಸಿದಿರಿ. ತಮ್ಮ ಬಳಗದ ಕಾರ್ಯದರ್ಶಿ ನವ್ಯಾ ಅದನ್ನು ತಂದುಕೊಟ್ಟು "ಆಂಟೀ, ಟೆನ್ಷನ್ ಬೇಡ ಲಾ, ಫುಲ್ ರಿಸ್ಟೋರ್ ಮಾಡಿದ್ದೇವೆ, ಸರ್ ಒಂದು ರಿಂಗಿಟ್ಟೂ ತಗೊಂಡಿಲ್ಲ" ಎಂದು ಈ ಊರಿನವರ ಹಾಗೆ ಮಾತಿಗೊಂದು ಲಾ ಸೇರಿಸಿ ನಕ್ಕಳು. ಪಾಪ, ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಕೋಪವಿಲ್ಲ. ಇದ್ದ ಕೋಪವೆಲ್ಲ ತಮಗೇ ಸಾಲುವಷ್ಟಿದೆ. ಬುಗುರಿ ಈಗ ಪಾರದರ್ಶಕ ಪೆಟ್ಟಿಗೆಯೊಳಗಿತ್ತು. ಸುತ್ತಲೂ ಮಿನುಗುವ ಮೊಹರು. ಗೀರುಗಳನ್ನೆಲ್ಲ ಉಜ್ಜಿ ಹೊಳಪು ಕೊಡಲಾಗಿದೆಯೆಂದೂ, ಅಡಿಯಲ್ಲಿದ್ದ ಮಸಿಯ ಕಲೆಯನ್ನು ತೆಗೆಯಲಾಗಿದೆಯೆಂದೂ, ಸವೆದ ಮೊನೆಯನ್ನು ಕಿತ್ತು ಹೊಸದನ್ನು ಕೂರಿಸಲಾಗಿದೆಯೆಂದೂ, ಹೀಗಾಗಿ ಸಿ ದರ್ಜೆಯಿಂದ ಬಿ ದರ್ಜೆಗೆ ಬಡ್ತಿ ಸಿಕ್ಕಿದೆಯೆಂದೂ ಪ್ರಮಾಣಪತ್ರದಲ್ಲಿ ಬರೆದಿತ್ತು. ಕೊನೆಯಲ್ಲಿ, ಈ ಪೆಟ್ಟಿಗೆಯನ್ನು ಉಪಕರಣವಿಲ್ಲದೆ ಮನುಷ್ಯನ ಕೈಯಿಂದ ತೆರೆಯಲಾಗದು, ಮೊಹರು ಒಡೆದರೆ ದರ್ಜೆ ರದ್ದು ಎಂಬ ಎಚ್ಚರಿಕೆ. ಅಬ್ಬಾ, ಎಂಥ ಕಾಳಜಿ!

ಸುಹೈಲ್ ಪೆಟ್ಟಿಗೆಯನ್ನು ತಿರುಗಿಸಿ ಅಡಿಭಾಗ ನೋಡಿದರು. "ಮಾಲೀಕರನ್ನ ಅಳಿಸಿಬಿಟ್ಟಿದಾರಲ್ಲೇ" ಎಂದರು. ಆಮೇಲೆ ಲಾಂಚರನ್ನು ಕಪಾಟಿನೊಳಗಿಟ್ಟರು. ಅಂದಿನಿಂದ ಕೈ ಮತ್ತೆ ಮಡಿಲು ಸೇರಿದೆ. ಆ ಕೈಯನ್ನು ದಿನವೂ ನೋಡುವುದು ಹೇಗಿರುತ್ತದೆಂದು ಬರೆಯಲು ನನಗೆ ಬರುವುದಿಲ್ಲ, ತಮಗೆ ಓದಲೂ ಬರುವುದಿಲ್ಲ. ಅದಕ್ಕೆ ದರ್ಜೆ ಇಲ್ಲವಲ್ಲ.

ಆದರೂ ತಮ್ಮ ಪಾಂಡಿತ್ಯವನ್ನು ಕೊಂಡಾಡದೆ ಇರಲಾರೆ. ದಾವಣಗೆರೆಯ ನಮ್ಮ ಗಲ್ಲಿಯಲ್ಲಿ ಗೆದ್ದವರು ಸೋತವರ ಮರದ ಬುಗುರಿಗೆ ಮೊಳೆಯಿಂದ ಗುನ್ನ ಹೊಡೆಯುತ್ತಿದ್ದರು. ಮೈತುಂಬ ಗುನ್ನವಿದ್ದರೂ ಗುಂಯ್ ಎಂದು ತಿರುಗುವ ಬುಗುರಿ ಇದ್ದವನಿಗೆ ಗಲ್ಲಿಯೆಲ್ಲ ದಾರಿ ಬಿಡುತ್ತಿತ್ತು. ತಮ್ಮ ಮಾರ್ಗದರ್ಶನವಿಲ್ಲದೆ ನಾವು ಎಂಥ ಕತ್ತಲಲ್ಲಿ ಬೆಳೆದೆವು ನೋಡಿ. ಈ ದೇಶದವರೂ ಅಷ್ಟೇ. ಕೆಲಾಂತಾನ್ ಕಡೆಯ ಮುದುಕರು ತಟ್ಟೆಯಗಲದ ಗಾಸಿಂಗ್ ಬುಗುರಿಯನ್ನು ಬಿಟ್ಟು, ತಿರುಗುತ್ತಿರುವಾಗಲೇ ಹಲಗೆಯಿಂದ ಎತ್ತಿ ಗೂಟದ ಮೇಲಿಟ್ಟು, ಯಾರದು ಕೊನೆಗೆ ಬೀಳುತ್ತದೋ ನೋಡೋಣವೆಂದು ಗಂಟೆಗಟ್ಟಲೆ ಕಾಯುತ್ತಾರೆ. ಒಬ್ಬರೂ ಅದರ ಮೂಲ ಪೆಟ್ಟಿಗೆ ಎಲ್ಲಿ ಎಂದು ಕೇಳುವುದಿಲ್ಲ. ತಾವೊಮ್ಮೆ ಕೈಗವಸು ಹಾಕಿಕೊಂಡು ಅಲ್ಲಿಗೆ ದಯಮಾಡಿಸಿ ಅವರನ್ನು ತಿದ್ದಬೇಕು. ಅಲ್ಲಿಂದ ತಾವು ಸುರಕ್ಷಿತವಾಗಿ ವಾಪಸಾಗುವ ಹೊಣೆ ನನ್ನದಲ್ಲ.

ಹಾಗೆಯೇ ತಮ್ಮ ಸೇವೆಯನ್ನು ನಮ್ಮ ಸಂಸಾರದ ಇತರ ವಸ್ತುಗಳಿಗೂ ವಿಸ್ತರಿಸಬೇಕೆಂದು ಕೋರುತ್ತೇನೆ. ನಮ್ಮ ದೋಸೆ ಹೆಂಚು ಸುಟ್ಟು ಸುಟ್ಟು ಕಪ್ಪಾಗಿದೆ, ದೋಸೆ ಅಂಟುವುದಿಲ್ಲ. ಅದನ್ನು ತಿಕ್ಕಿ ಹೊಸದು ಮಾಡಿ ಕೊಟ್ಟರೆ ಮೂರು ಹೊತ್ತೂ ಉಪವಾಸವಿದ್ದು ತಮ್ಮನ್ನು ಸ್ಮರಿಸುತ್ತೇವೆ. ಹೊಸ ಮೊನೆಯ ಬುಗುರಿ ಓಡಾಡಲು ನಮ್ಮ ಫ್ಲ್ಯಾಟು ಸಾಲದಾದ್ದರಿಂದ ಗೋಡೆಗಳನ್ನು ಎಲ್ ಆರ್ ಟಿ ರೈಲಿನ ಹಳಿಯವರೆಗೆ ಹಿಂದಕ್ಕೆ ಸರಿಸಿಕೊಡಬೇಕು. ಅಳಿಸಿದ ಹೆಸರಿನ ಮಗು ಈಗ ಮೀಸೆ ಬಂದ ಗಂಡಸೋ, ಮಕ್ಕಳ ತಾಯಿಯೋ ಆಗಿರಬೇಕು. ಅವರನ್ನು ಜಪಾನಿನಲ್ಲಿ ಹುಡುಕಿ, ಅದೇ ಮಾರ್ಕರನ್ನು ಕೊಟ್ಟು, ಅದೇ ವಯಸ್ಸಿನ ಅಕ್ಷರದಲ್ಲಿ ಮತ್ತೆ ಬರೆಸಿಕೊಂಡು ಬರಬೇಕು. ಬಿಡುವಾದರೆ ನನ್ನ ಪತಿಯ ಮೌಲ್ಯಮಾಪನವನ್ನೂ ಮಾಡಿಬಿಡಿ: ಮೂಲ ಪೆಟ್ಟಿಗೆ ಇಲ್ಲ, ಬಲಭಾಗ ಸವೆದಿದೆ, ಗೀರುಗಳು ಬಹಳ. ಆದರೆ ಭಾಗಗಳೆಲ್ಲ ಅಸಲಿ, ಒಂದನ್ನೂ ಬದಲಿಸಲು ನಾನು ಬಿಡುವುದಿಲ್ಲ.

ಇಷ್ಟೆಲ್ಲ ಸಾಧ್ಯವಾಗದಿದ್ದರೆ ಸಾಧ್ಯವಾಗುವ ಒಂದೇ ಒಂದು ಕೆಲಸ ಮಾಡಿ. ಕಿತ್ತು ತೆಗೆದ ಮೊನೆಗಳನ್ನು ತಾವು ಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತೀರೆಂದು ನವ್ಯಾ ಹೇಳಿದ್ದಾಳೆ. ಆ ಡಬ್ಬಿಯನ್ನು ನೆಲದ ಮೇಲೆ ಸುರಿದು, ಕೈಗವಸು ತೆಗೆದು, ಬರಿಬೆರಳಲ್ಲಿ ಒಂದೊಂದನ್ನೇ ಮುಟ್ಟಿ ನೋಡಿ. ಎಲ್ಲಕ್ಕಿಂತ ನುಣುಪಾಗಿ, ಎಲ್ಲಕ್ಕಿಂತ ಕೆಲಸಕ್ಕೆ ಬಾರದ್ದೆಂದು ತಮಗೆ ಕಾಣುವುದು ಯಾವುದೋ ಅದೇ ನಮ್ಮದು. ಅದನ್ನು ಕಳಿಸಿಕೊಡಿ. ಪ್ರಮಾಣಪತ್ರ ಬೇಡ.

ಇಂತಿ ತಮ್ಮ, ಆಡಿದ, ಗೀರುಬಿದ್ದ, ಪೆಟ್ಟಿಗೆಯಿಲ್ಲದ ವಿಶ್ವಾಸಿ,
ಖುಶ್ನುಮಾ

ಮರೆತ ಮಾತು: ಈ ಪತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ಬರೆದು ಮುಗಿಸುವ ಹೊತ್ತಿಗೆ ಒಳಗೆ ಏನೋ ಫಟ್ ಎಂದು ಒಡೆದ ಸದ್ದಾಯಿತು. ತಟ್ಟೆ ಬಿತ್ತೆಂದುಕೊಂಡು ಓಡಿದೆ. ಸುಹೈಲ್ ತಾವು ಕಳಿಸಿದ ಪೆಟ್ಟಿಗೆಯನ್ನು ಮಂಡಿಗಳ ನಡುವೆ ಒತ್ತಿಹಿಡಿದು ಕೂತಿದ್ದರು. ಮುಚ್ಚಳ ಕಿತ್ತುಬಂದಿತ್ತು, ಮೊಹರು ಹರಿದಿತ್ತು. ಅದನ್ನು ಕಿತ್ತು ತೆಗೆದದ್ದು ಅವರ ಬಲಗೈಯ ಹೆಬ್ಬೆರಳು. ಮನುಷ್ಯನ ಕೈಯಿಂದ ಆಗದು ಎಂದು ತಾವು ಸಹಿ ಹಾಕಿಕೊಟ್ಟ ಕೆಲಸವನ್ನು ಮಡಿಲು ಸೇರಿದ್ದ ಕೈ ಮಾಡಿದೆ. ಇದಕ್ಕಾಗಿ ತಮಗೆ ಋಣಿ, ಬೇರೆ ಯಾವುದಕ್ಕೂ ಅಲ್ಲ. ಲಾಂಚರ್ ಕಪಾಟಿನಿಂದ ಹೊರಗೆ ಬಂತು. "ಮಾಲೀಕ್ರೇ, ಬಿಡ್ತೀನಿ" ಎಂದು ಅವರು ಪಟ್ಟಿ ಎಳೆದರು. ಬುಗುರಿ ಪರಾತದಿಂದ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಪೊರಕೆ ಹಾಕಿ ತೆಗೆದರು, ಮತ್ತೆ ಬಿಟ್ಟರು. ಮತ್ತೆ ಹೋಯಿತು, ಮತ್ತೆ ತೆಗೆದರು. ಈಗಲೂ ಬಿಡುತ್ತಿದ್ದಾರೆ. ತಾವು ಆ ಡಬ್ಬಿ ಹುಡುಕುವಷ್ಟರಲ್ಲಿ ಈ ಹೊಸ ಮೊನೆಯನ್ನೂ ನಾವೇ ಸವೆಸಿರುತ್ತೇವೆ. ದಯವಿಟ್ಟು ಸಿ ದರ್ಜೆಯ ಪ್ರಮಾಣಪತ್ರವೊಂದನ್ನು ಈಗಲೇ ಬರೆದಿಡಿ.