ಗುತ್ತಿಗಾರಿನ ಮಳೆಗಾಲವೂ ನನ್ನ ಎಕ್ಸ್‌ರೇ ಮೆಷಿನೂ

ಪುತ್ತೂರಿನಲ್ಲಿ ಆಸ್ಪತ್ರೆ ಸಾಮಾನಿನ ಅಂಗಡಿ ಇಟ್ಟವನಿಗೆ ನಗುವಿಗೆ ಬರಗಾಲವಿಲ್ಲ. ಮಾರಿದ ಸಾಮಾನು ಸೇರಿದ ಊರಿಗೆ ಒಮ್ಮೆ ಹೋಗಿ ಬಂದರೆ ಸಾಕು. ಕಳೆದ ಮಳೆಗಾಲದ ಮೊದಲು ಗುತ್ತಿಗಾರಿನಿಂದ ಮೇಲೆ, ಕಾಡಿನ ಅಂಚಿನ ಒಂದು ಸಣ್ಣ ಕ್ಲಿನಿಕ್ಕಿಗೆ ಬ್ಯಾಟರಿಯಲ್ಲಿ ನಡೆಯುವ ಎಕ್ಸ್‌ರೇ ಮೆಷಿನು ಕೊಟ್ಟೆ. ಅಲ್ಲಿನ ಡಾಕ್ಟರಮ್ಮನ ಷರತ್ತು ಒಂದೇ: “ಮಳೆಗಾಲ ದಾಟಿದರೆ ಇಟ್ಟುಕೊಳ್ತೇನೆ. ನಡುವೆ ನಿಂತುಹೋದರೆ ವಾಪಸ್.”

ಕಂಪನಿಯವರು ವಾಪಸ್ ತೆಗೆದುಕೊಳ್ಳುವ ಪೈಕಿ ಅಲ್ಲ. ಹಿಂದೆ ಬಂದರೆ ಅದು ನನ್ನ ಅಂಗಡಿಯಲ್ಲೇ ಮುದಿಯಾಗಬೇಕು. ಅಲ್ಲಿಯವರಿಗೂ ಕೈಕಾಲು ಊದಿದರೆ ಮತ್ತೆ ಸುಳ್ಯಕ್ಕೆ ಇಳಿಯುವುದೇ ಗತಿ. ಹಾಗಾಗಿ ಆ ಮಳೆಗಾಲ ನಾನು ಆಕಾಶ ನೋಡಿದಷ್ಟು, ಮಳೆ ಬಿಡುವುದನ್ನೇ ಕಾದು ಅಡಿಕೆಗೆ ಮದ್ದು ಬಿಡುವವರೂ ನೋಡಿರಲಿಕ್ಕಿಲ್ಲ.

ಮುಂದಿನ ಸೀಟು

ಮೆಷಿನು ಗುತ್ತಿಗಾರಿನಿಂದ ಮೇಲೆ ಹತ್ತಿದ್ದು ಬಸ್ಸಿನ ಹಾಗೆ ಜನ ಹತ್ತಿಸುವ ಸರ್ವಿಸ್ ಜೀಪಿನಲ್ಲಿ. ಮುಂದಿನ ಸೀಟಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ನಾನು ನಯವಾಗಿ, “ಅಜ್ಜಿ, ಸ್ವಲ್ಪ ಹಿಂದೆ ಕೂರ್ತೀರಾ? ಈ ಪೆಟ್ಟಿಗೆಯನ್ನು ಎದುರು ಇಡಬೇಕು” ಅಂದೆ.

“ಪೆಟ್ಟಿಗೆಗೆ ಎಂತ ಸೊಂಟನೋವಾ?”

“ಹಾಗಲ್ಲ. ಇದು ಅಲ್ಲಾಡಿ ಕೆಟ್ಟರೆ ರಿಪೇರಿಗೆ ಬೆಂಗಳೂರಿಗೆ ಕೊಂಡು ಹೋಗಬೇಕು.”

ಅಜ್ಜಿ ಇಳಿದು ಹಿಂದೆ ಹೋಗಿ ಕೂತರು. ಕೂತವರು ಪಕ್ಕದ ಮಗನಿಗೆ ಹೇಳಿದರು: “ಕೇಳಿದೆಯಾ? ನಾನು ಕೆಟ್ಟರೆ ನೀನು ಗುತ್ತಿಗಾರು ಪೇಟೆಯಿಂದ ಆಚೆ ಕೊಂಡು ಹೋಗುದಿಲ್ಲ.”

ಬಲ್ಬಿನ ಕಪಾಟು

ಜೂನಿನಲ್ಲಿ ಆ ಕಡೆ ಗೋಡೆಗೂ ಬೂಷ್ಟು, ಚಪ್ಪಲಿಗೂ ಬೂಷ್ಟು. ಚಿತ್ರ ಹಿಡಿಯುವ ಪ್ಲೇಟಿಗೆ ತಂಡಿ ತಾಗಬಾರದು. ಎಸಿ ಹಾಕುವ ಅಂದರೆ ವೋಲ್ಟೇಜಿಗೆ ಫ್ಯಾನೇ ಯೋಚನೆ ಮಾಡಿ ತಿರುಗುವುದು. ನಾನು ಹಳೆಯ ಕಬ್ಬಿಣದ ಕಪಾಟಿನೊಳಗೆ ಬೆಚ್ಚಗಿರಲಿ ಅಂತ ಸೋಲಾರಿನ ಬಲ್ಬು ಹಾಕಿಸಿ, ಅದನ್ನು ಆರಿಸದೆ ಉರಿಸಲು ಕ್ಲಿನಿಕ್ಕಿನ ಸಿಸ್ಟರಿಗೆ ಹೇಳಿ ಬಂದೆ.

ತಿಂಗಳು ಬಿಟ್ಟು ಕಂಪನಿಯ ಇಂಜಿನಿಯರ್ ತಪಾಸಣೆಗೆ ಬಂದರು, ಜೊತೆಗೆ ನಾನೂ ಹೋದೆ. ಕಪಾಟು ತೆರೆದರೆ ಕೆಳಗೆ ಪ್ಲೇಟು. ಮೇಲಿನ ಎರಡು ಅರೆಗಳಲ್ಲಿ ಹಲಸಿನ ಹಪ್ಪಳ!

“ಇದೇನು ಸಿಸ್ಟರ್?” ಅಂದರು ಇಂಜಿನಿಯರ್.

“ಮನೆಯಲ್ಲಿ ಇಟ್ಟರೆ ಮೆತ್ತಗಾಗ್ತದೆ ಸರ್. ಬಲ್ಬು ಹೇಗೂ ಉರಿತದಲ್ಲ.”

ಇಂಜಿನಿಯರ್ ಒಂದು ಹಪ್ಪಳ ತೆಗೆದು ಬಗ್ಗಿಸಿದರು. ಟಪ್ಪನೆ ಮುರಿಯಿತು. “ಕಪಾಟು ಪಾಸ್” ಅಂದರು. ಹೋಗುವಾಗ ಅವರ ಲ್ಯಾಪ್‌ಟಾಪ್ ಬ್ಯಾಗು ಮುಚ್ಚುತ್ತಿರಲಿಲ್ಲ. ಒಳಗೆ ಎರಡು ಕಟ್ಟು ಹಪ್ಪಳ.

ನಿಂತಲ್ಲೇ ಓಡುವ ಜೀಪು

ಜುಲೈಯಲ್ಲಿ ಮರ ಬಿದ್ದು ಹೋದ ಕರೆಂಟು ವಾರಗಟ್ಟಲೆ ಬರಲಿಲ್ಲ. ಸೋಲಾರು ಬಲ್ಬಿಗೆ ಸಾಕು, ಮೆಷಿನಿನ ಬ್ಯಾಟರಿಗೆ ಸಾಲದು. ನಾನು ಅದೇ ಸರ್ವಿಸ್ ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡುವ ಒಂದು ಇನ್ವರ್ಟರ್ ಜೋಡಿಸಿ ಕೊಟ್ಟೆ. ಜೀಪು ಓಡಿಸುವವರು ಒಳ್ಳೆಯವರು, ದಿನಾ ಕ್ಲಿನಿಕ್ಕಿನ ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ವಯರು ಸಿಕ್ಕಿಸಿ, ಚಹಾ ಕುಡಿಯಲು ಹೋಗುತ್ತಿದ್ದರು.

ಆದರೆ ನಮ್ಮ ಕಡೆ ಜೀಪಿನ ಇಂಜಿನ್ ಚಾಲೂ ಆಯಿತೆಂದರೆ ಹೊರಟಿತು ಅಂತಲೇ ಲೆಕ್ಕ. ಮೊದಲ ದಿನ ಅವರು ಚಹಾ ಕುಡಿದು ಬರುವಾಗ ಜೀಪು ತುಂಬಿ, ಹಿಂದೆ ಇಬ್ಬರು ನೇತಾಡುತ್ತಿದ್ದರು.

“ಇಳಿರಿ ಮಾರಾಯ್ರೆ, ಇದು ಹೋಗುದಲ್ಲ!”

“ಹೋಗುದಲ್ಲದಿದ್ರೆ ಸ್ಟಾರ್ಟ್ ಯಾಕೆ ಮಾಡಿದ್ದು?”

“ಒಳಗೆ ಎಕ್ಸ್‌ರೇ ತೆಗಿಲಿಕ್ಕೆ.”

ಎಲ್ಲರೂ ಗೊಣಗುತ್ತಾ ಇಳಿದರು. ಒಬ್ಬರು ಮಾತ್ರ ಕೊಡೆ ಮಡಚಿ ಸೀದಾ ಡಾಕ್ಟರಮ್ಮನ ಹತ್ತಿರ ಹೋದರು: “ಇಷ್ಟು ಹೊತ್ತು ಕೂತದ್ದು ದಂಡ ಆಗುದು ಬೇಡ. ನನ್ನದೂ ಒಂದು ತೆಗಿರಿ.”

ಪಾಚಿಯ ಮೆಟ್ಟಿಲು

ಆಗಸ್ಟಿನಲ್ಲಿ ಆ ಜೀಪಿನ ಗೇರ್‌ಬಾಕ್ಸ್ ಹೋಗಿ ಅದು ಸುಳ್ಯದ ವರ್ಕ್‌ಶಾಪಿನಲ್ಲಿ ಮಲಗಿತು. ಕರೆಂಟೂ ಇಲ್ಲ. ಡಾಕ್ಟರಮ್ಮನ ಫೋನು ಬಂತು: “ಜೀಪು ಮಲಗಿದರೆ ಎಕ್ಸ್‌ರೇಯೂ ಮಲಗ್ತದೆ. ಇದು ನನಗೆ ಆಗುದಿಲ್ಲ. ವಾಪಸ್ ಕೊಂಡು ಹೋಗಿ.”

ಸುಳ್ಯಕ್ಕೆ ಹೋಗಿ ಜೀಪು ರಿಪೇರಿಯಾಗುವವರೆಗೆ ಕೂತು, ಅದೇ ಜೀಪಿನಲ್ಲಿ ಹೊರಟೆ. ದಾರಿಯುದ್ದ ಡಾಕ್ಟರಮ್ಮನನ್ನು ಒಪ್ಪಿಸಲು ಎರಡು ಮಾತು ಆಡುವ ತಯಾರಿ ಮಾಡಿಕೊಂಡಿದ್ದೆ. ಆಡುವ ಮೊದಲೇ ಕ್ಲಿನಿಕ್ಕಿನ ಮೆಟ್ಟಿಲ ಪಾಚಿಯಲ್ಲಿ ಜಾರಿ ಬಲಗೈ ಊರಿ ಬಿದ್ದೆ. ಮಣಿಕಟ್ಟು ಬನ್ನಿನ ಹಾಗೆ ಉಬ್ಬಿತು.

ಸಿಸ್ಟರ್ ಓಡಿ ಬಂದು ರಟ್ಟು ಇಟ್ಟು ಕೈ ಕಟ್ಟಿದರು. ಜೀಪಿನವರು ಯಾರೂ ಹೇಳುವ ಮೊದಲೇ ಇಂಜಿನ್ ಚಾಲೂ ಮಾಡಿ ವಯರು ಸಿಕ್ಕಿಸಿದರು. ಹತ್ತಲು ಬಂದವರನ್ನು ಅವರೇ ಓಡಿಸಿದರು. ಯಾರದೋ ಮನೆಯಿಂದ ಬಿಸಿ ಕಷಾಯ ಬಂತು. ಆ ಮೆಷಿನನ್ನು ಅಷ್ಟು ದಿನ ನಡೆಸಿದ್ದು ಕಂಪನಿಯೂ ಅಲ್ಲ, ನಾನೂ ಅಲ್ಲ, ಈ ಜನ. ವ್ಯಾಪಾರದಲ್ಲಿ ಇಷ್ಟು ವರ್ಷ ಕಳೆದವನಿಗೆ ಅಂಥ ಸಹಾಯದ ಬೆಲೆ ಗೊತ್ತಿರುತ್ತದೆ. ಇವತ್ತಿಗೂ ಅವರನ್ನು ನೆನೆಯದ ದಿನವಿಲ್ಲ.

ಬ್ಯಾಟರಿ ತುಂಬಿತು. ಪ್ಲೇಟಿನ ಮೇಲೆ ಕೈ ಇಟ್ಟು ಉಸಿರು ಹಿಡಿದೆ. ಉಸಿರು ಹಿಡಿಯಬೇಕಾದದ್ದು ಎದೆಯ ಎಕ್ಸ್‌ರೇಗೆ ಅಂತ ಸಿಸ್ಟರ್ ನೆನಪಿಸಿದರೂ ಬಿಡಲಿಲ್ಲ. ಪರದೆಯಲ್ಲಿ ಚಿತ್ರ ಮೂಡಿತು.

“ಬಂತು ಡಾಕ್ಟ್ರೇ! ಆಹಾ, ಈ ಗೆರೆ ಎಷ್ಟು ಕ್ಲಿಯರ್ ನೋಡಿ! ಮಂಗಳೂರಿನಲ್ಲೂ ಇಷ್ಟು ಚೆಂದ ಬರುದಿಲ್ಲ!”

“ಮಾರಾಯ್ರೆ, ಆ ಗೆರೆ ನಿಮ್ಮ ಎಲುಬು ಮುರಿದದ್ದು.”

“ಅದಿರಲಿ. ಮೆಷಿನು ಇಟ್ಟುಕೊಳ್ತೀರಾ, ಇಲ್ಲವಾ?”

ಡಾಕ್ಟರಮ್ಮ ಪ್ಲಾಸ್ಟರ್ ಕಲಸುತ್ತಾ ಹೇಳಿದರು: “ಇಟ್ಟುಕೊಳ್ಳದೆ ಎಂತ ಮಾಡುದು? ಹೊತ್ತುಕೊಂಡು ಹೋಗ್ಲಿಕ್ಕೆ ನಿಮಗೆ ಕೈ ಎಲ್ಲಿ ಉಂಟು?”