ಬ್ಯಾಂಕಿನ ಪಡಸಾಲೆ

ನಮ್ಮ ಮನೆಯವರಷ್ಟು ಸಂತೋಷದಿಂದ ಸಾಲಗಾರರಾದ ಮನುಷ್ಯ ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ! ರೊಕ್ಕ ಇಲ್ಲದವರು ಸಾಲ ಮಾಡುವುದನ್ನು ನೀವು ನೋಡಿದ್ದೀರಿ. ಮನೆ ಕೊಳ್ಳುವಷ್ಟು ರೊಕ್ಕ ಇಟ್ಟುಕೊಂಡು, ಅರವತ್ತು ತುಂಬಿದ ಮೇಲೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬ್ಯಾಂಕಿಗೆ ಹೋಗಿ ಸಾಲ ಕೇಳಿದವರನ್ನು ನೋಡಿದ್ದೀರಾ? ಅಂಥವರೊಬ್ಬರ ಜೊತೆ ನಾನು ಮೂವತ್ತಾರು ವರ್ಷ ಸಂಸಾರ ಮಾಡಿದೆ. ಅವರು ಹೋಗಿ ಎಂಟು ತಿಂಗಳಾಯಿತು. ಜಗಳವಾಡೋಣವೆಂದರೆ ಎದುರಿಗೆ ಮನುಷ್ಯ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಕಚೇರಿಯಲ್ಲಿ ನೌಕರರಾಗಿದ್ದರು. ತೂಕ ಸರಿ ಇದೆಯೇ, ತೂಕ ಹೆಚ್ಚಲೆಂದು ಕಾಯಿಗೆ ನೀರು ಹೊಡೆದಿದ್ದಾರೆಯೇ ಎಂದು ನೋಡುವುದು ಅವರ ಕೆಲಸ. ಚೆನ್ನಾಗಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗಿನ ಬೀಜ ಸದ್ದು ಮಾಡುತ್ತದೆ. ನೀರು ಕುಡಿದ ಕಾಯಿ ಸುಮ್ಮನಿರುತ್ತದೆ. ಈ ಚಟ ಮನೆಗೂ ಬಂತು. ತೆಂಗಿನಕಾಯಿ ಸರಿ, ಶೇಂಗಾ ಸರಿ, ಔಷಧದ ಡಬ್ಬಿಯನ್ನೂ ಕಿವಿಗೆ ಹಿಡಿಯುವವರು! ಮಗಳನ್ನು ನೋಡಲು ಬಂದ ವರನ ಕೈ ಕುಲುಕುವಾಗಲೂ ಸ್ವಲ್ಪ ಹೆಚ್ಚೇ ಅಲುಗಾಡಿಸಿದರೆಂದು ನನ್ನ ಅನುಮಾನ.

ಬ್ಯಾಡಗಿಯಲ್ಲಿ ನಾವು ಹನ್ನೊಂದು ಬಾಡಿಗೆ ಮನೆ ಕಂಡೆವು. ಆಗ ಈಗಿನಷ್ಟು ಕೋಲ್ಡ್ ಸ್ಟೋರೇಜುಗಳು ಇರಲಿಲ್ಲ. ಸುಗ್ಗಿ ಬಂತೆಂದರೆ ಮನೆ ಮಾಲೀಕರು ಬಾಗಿಲಲ್ಲಿ ನಿಂತು, "ಅಕ್ಕಾರ, ಬ್ಯಾರೆ ಕಡೆ ಒಂದ ಮನಿ ನೋಡ್ಕೋರಿ. ವ್ಯಾಪಾರಸ್ಥರು ಚೀಲ ಇಡಾಕ ಕೇಳಾಕತ್ತಾರ" ಅನ್ನುವರು. ನಮಗಿಂತ ಮೆಣಸಿನಕಾಯಿ ಹೆಚ್ಚು ಬಾಡಿಗೆ ಕೊಡುತ್ತಿತ್ತು! ಬಸುರಿಯಾಗಿದ್ದಾಗ ಒಮ್ಮೆ, ಬಾಣಂತಿಯಾಗಿದ್ದಾಗ ಒಮ್ಮೆ ನಾನು ಚೀಲಗಳಿಗೆ ಜಾಗ ಬಿಟ್ಟುಕೊಟ್ಟು ಹೊರಬಿದ್ದಿದ್ದೇನೆ. ಹಾಗಾಗಿ ನನ್ನದು ಒಂದೇ ಆಸೆ. ಯಾರೂ "ಖಾಲಿ ಮಾಡ್ರಿ" ಎನ್ನಲು ಬಾರದಂಥ ಒಂದು ಮನೆ. ಪೂರ್ತಿ ರೊಕ್ಕ ಕೊಟ್ಟು, ಕಾಗದಪತ್ರ ನನ್ನ ಟ್ರಂಕಿನಲ್ಲಿಟ್ಟು, ಕೀಲಿ ನನ್ನ ಸೊಂಟದಲ್ಲಿರಬೇಕು.

ನಿವೃತ್ತಿಯ ರೊಕ್ಕ ಬಂತು. ರಾಣೆಬೆನ್ನೂರಿನಲ್ಲಿ ಮನೆ ನೋಡಲು ಹೊರಟೆವು. ಅವರು ಪ್ರತಿ ಮನೆಯ ಗೋಡೆಯನ್ನೂ ಬೆರಳಿನಿಂದ ತಟ್ಟಿ ಕಿವಿ ಹಚ್ಚುವರು. ಒಬ್ಬ ಮಾಲೀಕರು ಗಾಬರಿಯಾಗಿ, "ಸಾಹೇಬ್ರ, ಒಳಗ ಯಾರೂ ಇಲ್ರಿ" ಎಂದರು.

"ನೀರ ಐತ್ರಿ. ಮ್ಯಾಲ ಬಣ್ಣ ಹೊಡದು ಮುಚ್ಚೀರಿ" ಎಂದು ಇವರು ಹೊರಟೇಬಿಟ್ಟರು. ಅಂತೂ ಒಂಬತ್ತನೆಯ ಮನೆಯ ಗೋಡೆ ಪಾಸಾಯಿತು.

ಆಮೇಲೆ ಶುರುವಾಯಿತು ನೋಡಿ! ಇವರು ಅರ್ಧ ನಗದು, ಅರ್ಧ ಬ್ಯಾಂಕಿನ ಸಾಲ ಎಂದರು. ನಾನು ಒಲೆ ಆರಿಸಿ ಕುಳಿತೆ. ಹಾವೇರಿಯಿಂದ ಮಗಳು ಓಡಿ ಬಂದಳು.

"ಅಪ್ಪಾ, ರಿಟೈರ್ ಆದವರು ಇದ್ದ ಸಾಲ ತೀರಸ್ತಾರ. ನೀ ಹೊಸಾದು ಮಾಡಾಕ ಹೊಂಟೀಯಲ್ಲ?"

"ಬಂದದ್ದೆಲ್ಲಾ ಮನಿಗೆ ಸುರದರ ನಾಳೆ ಜಡ್ಡು ಬಂದಾಗ ಏನ ಮಾಡೂದು? ಗ್ವಾಡಿ ಕಡದ ಸಾರ ಮಾಡಾಕ ಬರತೈತೇನ? ನಮ್ಮವ್ವಗ ದೊಡ್ಡ ಮನಿ ಇತ್ತವಾ. ಎಣ್ಣಿ ತರಾಕ ಮಾತ್ರ ಮಂದಿ ಮುಂದ ಕೈ ಚಾಚತಿದ್ಲು."

"ಹಂಗಂತ ಹತ್ತ ವರ್ಷ ಸಾಲೇನ್ರಿ?" ನಾನು ಕೇಳಿದೆ.

"ಹುಚ್ಚಿ! ಬ್ಯಾಂಕಿನವರು ದಡ್ಡರಲ್ಲ. ಹತ್ತ ವರ್ಷ ಕೊಟ್ಟಾರಂದ್ರ ನಾ ಹತ್ತ ವರ್ಷ ಗಟ್ಟಿ ಇರ್ತೇನಂತ ಬರದ ಕೊಟ್ಟಂಗ ಅಲ್ಲೇನ? ಯಾವ ಡಾಕ್ಟರ ಕೊಡ್ತಾನ ಇಂಥಾ ಸರ್ಟಿಫಿಕೇಟ?"

ಸಾಲಕ್ಕೆ ನನ್ನ ಸಹಿಯೂ ಬೇಕಿತ್ತು. ಮೂರು ದಿನ ಮಾಡಲಿಲ್ಲ. ನಾಲ್ಕನೆಯ ದಿನ ಅವರು ಒಪ್ಪಂದ ತಂದರು. ನಗದು ಕೊಟ್ಟ ಅರ್ಧದಲ್ಲಿ ಅಡಿಗೆಮನೆ, ದೇವರ ಕೋಣೆ, ಮಲಗುವ ಕೋಣೆ ಬರುತ್ತವೆ. ಅವು ನನ್ನವು. ಪಡಸಾಲೆ ಬ್ಯಾಂಕಿನದು. "ನಿನ್ನ ಅಡಗಿಮನಿಯಿಂದ ನಿನ್ನ ಯಾರೂ ಎಬ್ಬಸಾಂಗಿಲ್ಲ" ಎಂದರು. ಈ ಹಂಚಿಕೆಯ ಸುದ್ದಿ ಬ್ಯಾಂಕಿಗೆ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು! ಆದರೂ ಸಹಿ ಮಾಡಿದೆ. ಯಾಕೆ ಮಾಡಿದೆನೋ. ಹಾಗೆ ಹೇಳುವಾಗ ಅವರ ಮುಖ ನೋಡಬಾರದಿತ್ತು.

ಬ್ಯಾಂಕಿನ ಮ್ಯಾನೇಜರ್ ಮೇಡಂ ಸಾಲಕ್ಕೆ ಒಂದು ವಿಮೆಯನ್ನೂ ಮಾಡಿಸಲು ಹೇಳಿದರು. "ನಡುವ ಏನರ ಆದ್ರ ಅಂತ್ರಿ, ಸರ್" ಎಂದರು.

"ಹತ್ತ ವರ್ಷ ಇರ್ತೀರಂತ ನೀವ ಬರಕೊಟ್ಟು, ಈಗ ನೀವ ಹಿಂಗಂದ್ರ ಹೆಂಗ್ರಿ?" ಎಂದು ನಮ್ಮವರು ಸಿಟ್ಟಾದರು. ವಿಮೆ ಮಾಡಿಸಲಿಲ್ಲ.

ಗೃಹಪ್ರವೇಶದ ಮರುದಿನವೇ ಚಾಕ್‌ಪೀಸು ಹಿಡಿದು ಪಡಸಾಲೆಯ ಅಂಚಿಗೆ ಗೆರೆ ಎಳೆದರು. ಈ ಕಡೆ ನಾವು, ಆ ಕಡೆ ಬ್ಯಾಂಕು. ನೂರಿಪ್ಪತ್ತು ಕಂತು, ಕಂತಿಗೊಂದು ಟೈಲ್ಸು. ಎಣಿಸಿದರೆ ಪಡಸಾಲೆಯಲ್ಲಿ ನಾಲ್ಕು ಕಡಿಮೆ ಬಿದ್ದವು. ಬಾಗಿಲ ಹೊರಗಿನ ನಾಲ್ಕನ್ನು ಸೇರಿಸಿ ಲೆಕ್ಕ ಸರಿ ಮಾಡಿದರು. ಪ್ರತಿ ತಿಂಗಳು ಕಂತು ಕಟ್ಟಿ ಬಂದು, ಗೆರೆ ಅಳಿಸಿ, ಇನ್ನೊಂದು ಟೈಲ್ಸನ್ನು ನಮ್ಮ ಕಡೆ ಸೇರಿಸುವುದು. ಬ್ಯಾಂಕಿನ ಗೋಡೆಗೆ ಮೊಳೆ ಹೊಡೆಯುವಂತಿಲ್ಲ! ಹಾಗಾದರೆ ಹೊರಗೆ ಹೋಗುವುದು ಹೇಗೆ? ಹೊಲಕ್ಕೆ ಹೋಗಲು ಪಕ್ಕದವರು ದಾರಿ ಬಿಡುವುದಿಲ್ಲವೇ, ಹಾಗೆ ಗೋಡೆ ಪಕ್ಕ ಒಂದು ಕಾಲುದಾರಿ.

ಐರಣಿಯಿಂದ ನಮ್ಮಣ್ಣ ಬಂದ. ಪಡಸಾಲೆಯ ನಡುವೆ ಆರಾಮಾಗಿ ಕುಳಿತ.

"ಮಾವ, ಅಲ್ಲಿ ಬ್ಯಾಡ, ಈ ಕಡೆ ಬಂದು ಕುಂದರ್ರಿ. ಅದು ಮಂದಿ ಜಾಗ" ಎಂದರು ಇವರು.

ಅಣ್ಣ ಅಡಿಗೆಮನೆ ಬಾಗಿಲಲ್ಲಿ ಮುದುರಿ ಕುಳಿತು ಚಹಾ ಕುಡಿದ. ಹೋಗುವಾಗ ನನ್ನ ಕಿವಿಯಲ್ಲಿ, "ತಂಗೀ, ಡಾಕ್ಟರಿಗೆ ತೋರಿಸಿಯೇನ?" ಎಂದ.

ಜಗಳವಾದಾಗ ಆ ಗೆರೆ ನನಗೂ ಉಪಯೋಗಕ್ಕೆ ಬಂತು. ಬಳ್ಳೊಳ್ಳಿ ಬುಟ್ಟಿ ತೆಗೆದುಕೊಂಡು ಬ್ಯಾಂಕಿನ ಕಡೆ ಹೋಗಿ ಕೂಡುತ್ತಿದ್ದೆ. ಅವರು ಗೆರೆಯ ಮೇಲೆ ನಿಂತು, "ಬಾ ಈ ಕಡೆ" ಅನ್ನುವರು.

"ಬರಾಂಗಿಲ್ಲ. ನಾನೂ ಸಹಿ ಮಾಡೇನಿ. ನಾ ಈಗ ಬ್ಯಾಂಕಿನ ಪಾರ್ಟಿ."

ಆ ನಗು ಎಂಥದು ಅಂತೀರಿ! ಬಗ್ಗಿ, ಮೊಣಕಾಲು ಹಿಡಿದುಕೊಂಡು ನಗುತ್ತಿದ್ದರು.

ಮೂವತ್ತೊಂದು ಟೈಲ್ಸು ನಮ್ಮವಾಗಿದ್ದವು. ಒಂದು ದಿನ ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟರು. "ಎದಿ ಯಾಕೋ ಹಿಡದಂಗಾತು ನೋಡ" ಎಂದರು. ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಬ್ಯಾಂಕು ಬರೆದು ಕೊಟ್ಟಿದ್ದರಲ್ಲಿ ಏಳು ವರ್ಷ ಇನ್ನೂ ಬಾಕಿ ಇತ್ತು.

ಜನ ಸೇರಿದರು. ಜಾಗ ಬೇಕೆಂದು ಅವರನ್ನು ಪಡಸಾಲೆಯ ನಡುವೆ ಮಲಗಿಸಿದರು. ಅಲ್ಲಿ ಅವರು ಒಂದು ದಿನವೂ ಕೂತವರಲ್ಲ. ಈ ಕಡೆ ತನ್ನಿ, ಇದು ನಮ್ಮದು ಎನ್ನಬೇಕೆಂದು ಬಾಯಿ ತೆರೆದೆ. ಮಗಳು ಮುಖ ನೋಡಿದಳು. ಅವರ ಪಕ್ಕ, ಬ್ಯಾಂಕಿನ ಕಡೆಯೇ ಕುಳಿತೆ. ಸಂಜೆಯ ಹೊತ್ತಿಗೆ ಬಂದವರ ಕಾಲಿಗೆ ಸಿಕ್ಕು ಗೆರೆ ಎಲ್ಲಿತ್ತೆಂಬುದೇ ತಿಳಿಯದಂತಾಗಿತ್ತು.

ಉಳಿಸಿದ ರೊಕ್ಕವನ್ನೆಲ್ಲ ಅವರು ನನ್ನ ಹೆಸರಿನಲ್ಲೇ ಠೇವಣಿ ಇಟ್ಟಿದ್ದರು. ದಿನಕರ್ಮಕ್ಕೆ ನಾನು ಅಣ್ಣನ ಮುಂದೆ ಕೈ ಚಾಚಲಿಲ್ಲ, ಅಳಿಯನ ಮುಂದೆಯೂ ಇಲ್ಲ. ತಿಂಗಳ ಕಂತನ್ನೂ ನಾನೇ ಕಟ್ಟುತ್ತ ಬಂದೆ. ಗೆದ್ದವರು ಅವರೇ ಎಂದು ಒಪ್ಪಿಕೊಳ್ಳಲು ನನಗೆ ಎಂಟು ತಿಂಗಳು ಹಿಡಿಯಿತು. ಆದರೂ ಮಗಳು, "ಅವ್ವಾ, ರೊಕ್ಕ ಐತಿ, ಸಾಲ ತೀರಿಸಿಬಿಡು. ಮನಿ ನಿನ್ನದಾಗ್ಲಿ" ಎಂದಳು. ನನ್ನ ಆಸೆಯೇ ಅದಲ್ಲವೇ? ಕಳೆದ ವಾರ ಠೇವಣಿಯ ಕಾಗದ ಹಿಡಿದು ಬ್ಯಾಂಕಿಗೆ ಹೋದೆ.

ಈ ಎಂಟು ತಿಂಗಳು ನಾನು ಮಾಡಿದ್ದೆಲ್ಲ ಅವರ ಹೆಸರು ತೆಗೆಸುವ ಕೆಲಸ. ರೇಷನ್ ಕಾರ್ಡಿನಿಂದ ತೆಗೆಸಿದೆ. ಮತದಾರರ ಪಟ್ಟಿಯಿಂದ ತೆಗೆದರು. ಪಿಂಚಣಿಯ ಪುಸ್ತಕದಲ್ಲಿ ಹೊಡೆದು ಹಾಕಿ ಪಕ್ಕಕ್ಕೆ ನನ್ನದು ಬರೆದರು.

ಮ್ಯಾನೇಜರ್ ಮೇಡಂ ಕಾಗದ ನೋಡಿ, "ಬಾಳ ಚಲೋ ಮಾಡಿದ್ರಿ ಅಮ್ಮಾರ. ಸಹಿ ಹಾಕ್ರಿ, ಇವತ್ತ ಸಾಲ ಮುಗಸೂಣು" ಎಂದರು.

ಪೆನ್ನು ಹಿಡಿದೆ. ಆಮೇಲೆ ಕೇಳಿದೆ: "ಇವರ ಫೋನಿಗೆ ತಿಂಗಳಾ ಒಂದ ಮೆಸೇಜ್ ಬರತೈತಲ್ರಿ, ಹೆಸರು ಹಿಡದು, ಕಂತಿನ ದಿನ ಬಂತು ಅಂತ. ಮುಗಸಿದ ಮ್ಯಾಲ ಅದು?"

"ಬರಾಂಗಿಲ್ರಿ. ಖಾತೆನ ಇರಾಂಗಿಲ್ಲಲ್ರಿ."

"ಮುಗಸದಿದ್ರ?"

"ಜೋಡಿ ಖಾತೆ ಐತಿ. ನೀವ ಕಟ್ಕೊಂತ ಹೋದ್ರೂ ನಡೀತೈತ್ರಿ. ಆದ್ರ ಬಡ್ಡಿ ಯಾಕ ಸುಮ್ನ..."

ಆ ಫೋನನ್ನು ನಾನು ಈಗಲೂ ದಿನಾ ಚಾರ್ಜಿಗೆ ಹಾಕುತ್ತೇನೆ. ಬೇರೆ ಯಾರೂ ಅದಕ್ಕೆ ಕರೆ ಮಾಡುವುದಿಲ್ಲ.

ಠೇವಣಿಯ ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡೆ.

"ಈ ತಿಂಗಳದಷ್ಟ ತಗೋರಿ" ಎಂದೆ.